ಏಳರ ಬದಲು ಎಂಟು

1

ಎಲ್ಲಿಂದ ಶುರುಮಾಡಲಿ? ಅರ್ಧ ಇಳಿದ ಒಂದು ಶಟರ್ ಇದೆ. ಅದರ ಹೊರಗೆ ಸೊಂಟ ಬಗ್ಗಿಸಿ, ಕಿವಿಗೊಟ್ಟು ನಿಂತ ಒಬ್ಬ ಮನುಷ್ಯನಿದ್ದಾನೆ. ಅಲ್ಲಿಂದ ಶುರುಮಾಡಿದರೆ ನಿಮಗೆ ಕುತೂಹಲ ಹುಟ್ಟುತ್ತದೆ, ನಾನೂ ಜಾಣ ಅನ್ನಿಸಿಕೊಳ್ಳುತ್ತೇನೆ. ಆದರೆ ಮೊದಲ ಸಾಲಿನಲ್ಲೇ ಕುತೂಹಲ ಹುಟ್ಟಿಸುವ ಕಥೆಗಾರರನ್ನು ಕಂಡರೆ ನನಗಾಗದು. ಅವರು ಏನನ್ನೋ ಬಚ್ಚಿಟ್ಟಿರುತ್ತಾರೆ. (ನಾನೂ ಬಚ್ಚಿಟ್ಟಿದ್ದೇನೆ. ಆದರೆ ಬಚ್ಚಿಟ್ಟಿದ್ದೇನೆಂದು ಹೇಳಿಬಿಟ್ಟೆನಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ.)

ಹಾಗಾಗಿ ಶಟರ್ ಅಲ್ಲೇ ಇರಲಿ. ಮೊದಲು ಆ ಮನುಷ್ಯ ಯಾರೆಂದು ನೋಡೋಣ.

ಮತ್ತೆ 1

ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಮುಂದಿನ ಕೌಂಟರಿನಲ್ಲಿ ನಗುನಗುತ್ತಾ ಫ್ರೇಮು ತೋರಿಸುವವನಲ್ಲ. ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ತಿಕ್ಕಿ, ಫ್ರೇಮಿಗೆ ಕೂರಿಸಿ, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುವವನು. ಗೀರು ಹುಡುಕುವುದೇ ಅವನ ಉದ್ಯೋಗ. ಮನೆಗೆ ಬಂದರೂ ಆ ಚಾಳಿ ಬಿಡುವುದಿಲ್ಲ. ಹೆಂಡತಿ ಕೊಟ್ಟ ಲೋಟವನ್ನು ಕೂಡ ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಾನೆ. ಗೆಳೆಯರು ಅವನನ್ನು ಲೆನ್ಸಣ್ಣ ಎಂದು ಕರೆಯುತ್ತಾರೆ. ನಾವೂ ಹಾಗೇ ಕರೆಯೋಣ, ಅವನೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದವನೇ ಲೆನ್ಸಣ್ಣ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಗಿಟಾರ್ ಎತ್ತಿಕೊಳ್ಳುತ್ತಾನೆ. ರಾಕ್ ಗಿಟಾರ್. ಕೆಂಪು ಬಣ್ಣ, ಪಕ್ಕದಲ್ಲಿ ಒಂದು ಪುಟ್ಟ ಆಂಪ್ಲಿಫೈಯರ್. ಅಷ್ಟು ಕೇಳಿ ನೀವು ದೊಡ್ಡ ಗದ್ದಲ ನಿರೀಕ್ಷಿಸಿದರೆ ನಿರಾಸೆಯಾದೀತು. ಅವನು ನುಡಿಸುವುದು ಒಂದೇ ಒಂದು. ಪೆಂಟಟಾನಿಕ್ ಸ್ಕೇಲಿನ ಮೊದಲ ಪ್ಯಾಟರ್ನ್.

(ಹೆದರಬೇಡಿ, ಇದರಲ್ಲಿ ಗಹನವಾದದ್ದೇನೂ ಇಲ್ಲ. ಐದೇ ಸ್ವರ, ಆರು ತಂತಿ. ಒಂದೊಂದು ತಂತಿಯ ಮೇಲೆ ಎರಡೆರಡು ಕಡೆ ಬೆರಳಿಡುತ್ತಾ ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಹತ್ತಬೇಕು, ಬಂದ ದಾರಿಯಲ್ಲೇ ಇಳಿಯಬೇಕು. ಈ ಮೆಟ್ಟಿಲಿಗೆ ಪ್ಯಾಟರ್ನ್ ಎನ್ನುತ್ತಾರೆ. ಗಿಟಾರಿನ ಕತ್ತಿನುದ್ದಕ್ಕೂ ಇಂಥ ಐದು ಪ್ಯಾಟರ್ನುಗಳಿವೆ. ಈ ಐದು ಬಂದರೆ ಅರ್ಧ ರಾಕ್ ಸಂಗೀತ ಬಂದಂತೆ ಎಂದು ಬಲ್ಲವರು ಹೇಳುತ್ತಾರೆ. ಉಳಿದರ್ಧ ಏನೆಂದು ಅವರು ಹೇಳುವುದಿಲ್ಲ, ನನಗೆ ಅದರ ಮೇಲೂ ಅನುಮಾನ.)

ಲೆನ್ಸಣ್ಣನಿಗೆ ಐದೂ ಗೊತ್ತು. ಆದರೂ ವರ್ಷಗಟ್ಟಲೆ ಮೊದಲನೆಯದರಲ್ಲೇ ಹತ್ತಿ ಇಳಿಯುತ್ತಿದ್ದಾನೆ. ಯಾಕೆಂದರೆ ಅವನ ಮೊದಲ ಗಿಟಾರ್ ಯಾರೋ ಬಳಸಿ ಬಿಟ್ಟದ್ದು. ಗಿಟಾರಿನ ಕತ್ತಿಗೆ ಅಡ್ಡಡ್ಡ ಸಾಲಾಗಿ ಕೂರಿಸಿದ ಕಂಬಿಗಳಿಗೆ ಫ್ರೆಟ್ ಎನ್ನುತ್ತಾರೆ; ಅದರಲ್ಲಿ ಎಂಟನೆಯದು ಮೂರನೆಯ ತಂತಿಯ ಕೆಳಗೆ ಎದ್ದುಬಿಟ್ಟಿತ್ತು. ಮೂರನೆಯ ತಂತಿಯನ್ನು ಏಳರಲ್ಲಿ ಒತ್ತಿದರೆ ಸ್ವರದ ಬದಲು ಗರ್‍ ಎಂಬ ಸದ್ದು ಬರುತ್ತಿತ್ತು. ಆ ಸದ್ದು ಕೇಳಲಾರದೆ ಅವನು ಉಂಗುರ ಬೆರಳನ್ನು ಬಿಟ್ಟು, ಕಿರುಬೆರಳಿನಿಂದ ಪಕ್ಕದ ಎಂಟನ್ನು ಒತ್ತಿ ಮುಂದೆ ಹೋಗುವುದನ್ನು ರೂಢಿಮಾಡಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯಿದೆಯಲ್ಲ, ಇಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಆಮೇಲೆ ಗಿಟಾರ್ ಬದಲಾಯಿತು, ನೆಲ ನೆಟ್ಟಗಾಯಿತು. ಬೆರಳು ಮಾತ್ರ ಬದಲಾಗಲಿಲ್ಲ.

ಎಂಟು ಆ ಐದು ಸ್ವರಗಳಲ್ಲಿ ಸೇರಿದ್ದಲ್ಲ. ನಾಲ್ವರು ನೆಂಟರ ನಡುವೆ ಗುರುತಿಲ್ಲದವನೊಬ್ಬ ಬಂದು ಕೂತಂತೆ ಕೇಳಿಸುತ್ತದೆ. ಲೆನ್ಸಣ್ಣನಿಗೆ ಅದು ನಾಚಿಕೆ. ಕಿರುಬೆರಳಿಗೆ ಪ್ಲಾಸ್ಟರ್ ಸುತ್ತಿ ನೋಡಿದ. ಬೇರೆ ತಂತಿಗಳಲ್ಲಿ ಎಂಟು ಬೇಕೇ ಬೇಕಲ್ಲ, ಅಲ್ಲೆಲ್ಲ ತಪ್ಪಾಯಿತು. ನಿಧಾನಕ್ಕೆ ನುಡಿಸಿದರೆ ಏಳು ಬರುತ್ತದೆ. ಯಾರಾದರೂ ಕೇಳುತ್ತಿದ್ದಾರೆ ಅನ್ನಿಸಿದ ಕೂಡಲೇ ಎಂಟಕ್ಕೆ ಜಿಗಿಯುತ್ತದೆ. ಈ ವಿಷಯವನ್ನು ಅವನು ಯಾರಿಗೂ ಹೇಳಿಲ್ಲ. ಒಂದು ಸಲ ವೇದಿಕೆ ಹತ್ತಬೇಕಾದ ದಿನ ಬೆರಳು ಉಳುಕಿದೆ ಎಂದು ಸುಳ್ಳು ಹೇಳಿ ಮನೆಯಲ್ಲಿ ಕೂತ.

ಇನ್ನೊಂದು ವೇದಿಕೆ ಈ ಭಾನುವಾರ ಇದೆ. ಈ ಸಲ ತಪ್ಪಿಸಿಕೊಂಡರೆ ಬ್ಯಾಂಡಿನಲ್ಲಿ ತನ್ನ ಜಾಗ ಹೋದಂತೆಯೇ ಎಂದು ಅವನಿಗೆ ಗೊತ್ತು. ಆ ಜಾಗ ಬಿಟ್ಟರೆ ಅವನು ಬರೀ ಗೀರು ಹುಡುಕುವವನು.

2

ಬ್ಯಾಂಡ್ ಎಂದರೆ ಮೂವರು. ಬಾಸ್ ಗಿಟಾರ್ ನುಡಿಸುವವನು ಲೆನ್ಸಣ್ಣನ ಹೆಂಡತಿಯ ತಮ್ಮ, ಟೈರ್ ಅಂಗಡಿಯವನು. ಡ್ರಮ್ಸ್ ಬಾರಿಸುವವನು ನಲ್ಲಿ ರಿಪೇರಿಯವನು, ಅಡ್ಡಹೆಸರು ಡಬ್ಬ. ಟೈರ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ರಬ್ಬರಿನ ವಾಸನೆಯ ನಡುವೆ, ಗುರುವಾರ ಸಂಜೆ ಮೂವರೂ ಸೇರುತ್ತಿದ್ದರು.

ಸೇರುತ್ತಿದ್ದರು ಎಂದೆ. ಈಚೆಗೆ ಸೇರುತ್ತಿಲ್ಲ.

"ಭಾವ, ಈ ವಾರ ಬರಬೇಡಿ. ಡಬ್ಬನ ಡ್ರಮ್ಮು ಹರಿದಿದೆ."

ಮುಂದಿನ ವಾರ: "ಭಾವ, ಗೋಡೌನ್ ತುಂಬ ಸರಕು. ಕಾಲಿಡೋಕೂ ಜಾಗ ಇಲ್ಲ."

ಅದರ ಮುಂದಿನ ವಾರ: "ಭಾವ, ನೀವು ಮನೇಲೇ ಪ್ರಾಕ್ಟೀಸ್ ಮಾಡ್ಕೊಳ್ಳಿ. ನಿಮಗೆ ಬೆರಳಿಗೆ ಬೇರೆ ಪಾಪ ಹುಷಾರಿಲ್ಲ."

ಆ "ಪಾಪ" ಲೆನ್ಸಣ್ಣನ ಎದೆಗೆ ಚುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ಅವನು ತನ್ನ ಬೆರಳನ್ನೇ ನೋಡಿಕೊಂಡ. ಇವರಿಗೆ ಸುಳ್ಳು ಗೊತ್ತಾಗಿದೆ. ಇವರು ಬೇರೆ ಯಾರನ್ನೋ ಹುಡುಕಿದ್ದಾರೆ.

ಒಮ್ಮೆ ಅನುಮಾನದ ಗಾಜು ಹಾಕಿಕೊಂಡರೆ ಎಲ್ಲವೂ ದೊಡ್ಡದಾಗಿ ಕಾಣುತ್ತದೆ. (ಕನ್ನಡಕದವನ ಕಥೆಯಲ್ಲಿ ಇಂಥ ವಾಕ್ಯ ಬಂದೇ ಬರುತ್ತದೆಂದು ನೀವು ಕಾಯುತ್ತಿದ್ದಿರಿ. ತಗೊಳ್ಳಿ, ಬಂತು, ಇನ್ನು ಬರುವುದಿಲ್ಲ.) ಗಿಟಾರಿನ ಹೆಗಲುಪಟ್ಟಿ ಒಂದು ದಿನ ಗಿಡ್ಡವಾಗಿತ್ತು. ಲೆನ್ಸಣ್ಣ ಉದ್ದನೆಯ ಆಳು. ಹಾಕಿಕೊಂಡರೆ ಗಿಟಾರ್ ಗಂಟಲಿಗೆ ಬಂತು. ಹೆಂಡತಿಯನ್ನು ಕೇಳಿದ.

"ಧೂಳು ಹೊಡೆದೆ. ಪಟ್ಟಿ ಜಾರಿರಬೇಕು," ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ಜಾರಿದ್ರೆ ಉದ್ದ ಆಗುತ್ತೆ. ಗಿಡ್ಡ ಹೇಗಾಗುತ್ತೆ?"

"ನನ್ನನ್ನೇನು ಕೇಳ್ತೀರಿ? ಗಿಟಾರನ್ನ ಕೇಳಿ."

2ರ ಹರಿದ ಕರಡು

(ಇಲ್ಲಿ ನಾನೊಂದು ಪುಟ ಬರೆದಿದ್ದೆ. ಅದರಲ್ಲಿ ಹೆಂಡತಿ ಗುರುವಾರ ಸಂಜೆ "ಪ್ಯಾಂಟಿನ ಜಿಪ್ ತರ್ತೀನಿ" ಎಂದು ಹೊರಟು, ತಡವಾಗಿ, ಏನೋ ಗುನುಗುತ್ತಾ ಬರುತ್ತಿದ್ದಳು. ಲೆನ್ಸಣ್ಣ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಬೀದಿಯ ಕೊನೆಯಲ್ಲಿ ಒಬ್ಬ ಗುಂಗುರು ಕೂದಲಿನವನು ಕೂಡ ಇದ್ದ. ನಿಮಗೆ ಅರ್ಥವಾಗಿರಬೇಕು, ಯಾವ ದಾರಿಗೆ ಹೊರಟಿದ್ದೆ ಎಂದು. ಪುಟದ ಅರ್ಧದಲ್ಲಿ ಹೆಂಡತಿ ಯಂತ್ರ ನಿಲ್ಲಿಸಿ ನೇರವಾಗಿ ನನ್ನತ್ತ ತಿರುಗಿದಳು.

"ಕಥೆಗಾರರೇ, ಇದೇನ್ರೀ ಇದು?"

"ಯಾಕಮ್ಮಾ?"

"ಹೆಂಗಸು ಮನೆಯಿಂದ ಹೊರಗೆ ಹೋದ್ರೆ ಒಬ್ಬ ಗುಂಗುರು ಕೂದಲಿನವನು ಇರ್ಲೇಬೇಕಾ? ಬೇರೆ ಏನೂ ಹೊಳೆಯೋದೇ ಇಲ್ವಾ ನಿಮಗೆ?"

"ಹಾಗಾದರೆ ಎಲ್ಲಿಗೆ ಹೋಗುತ್ತೀರಿ, ಹೇಳಿಬಿಡಿ. ಬರೆದುಕೊಳ್ಳುತ್ತೇನೆ."

"ಹೇಳಲ್ಲ. ನೀವು ಮೊದಲಿಂದಲೂ ಅವರ ಕಿವಿಯೊಳಗೇ ಕೂತಿದ್ದೀರಿ. ನನ್ನ ಪಕ್ಕ ಬಂದು ಒಂದು ಗಳಿಗೆ ಕೂತಿದ್ದೀರಾ?"

ಕೂತಿರಲಿಲ್ಲ. ಜಿಪ್ಪನ್ನು ಮಾತ್ರ ಉಳಿಸಿಕೊಂಡು ಗುಂಗುರು ಕೂದಲಿನವನನ್ನು ಕಳಿಸಿಬಿಟ್ಟೆ. ಅವನು ಬೇರೆ ಕಥೆ ಹುಡುಕಿಕೊಂಡು ಹೋದ. ಆದರೆ ಒಂದು ಮಾತು: ನಾನೇ ಸೃಷ್ಟಿಸಿದ ಹೆಂಗಸು ಗುರುವಾರ ಎಲ್ಲಿಗೆ ಹೋಗುತ್ತಾಳೆಂದು ನನಗೇ ಗೊತ್ತಿಲ್ಲದಿದ್ದರೆ, ಈ ಮನೆಯಲ್ಲಿ ಅನುಮಾನ ಪಡಬೇಕಾದವನು ಲೆನ್ಸಣ್ಣನೊಬ್ಬನೇ ಏನು?)

3

ಈಗ ಶಟರ್.

ಗುರುವಾರ ಲೆನ್ಸಣ್ಣ ತಲೆನೋವೆಂದು ಅಂಗಡಿಯಿಂದ ಬೇಗ ಹೊರಟ. ಮನೆಯ ದಾರಿ ಬಿಟ್ಟು ಟೈರ್ ಅಂಗಡಿಯ ಬೀದಿಗೆ ಬಂದ. ಮೂಲೆಯಲ್ಲಿ ಡಬ್ಬನ ಸೈಕಲ್ ನಿಂತಿತ್ತು, ಸ್ಪ್ಯಾನರುಗಳ ಚೀಲ ಅದರ ಹ್ಯಾಂಡಲಿಗೆ ನೇತಾಡುತ್ತಿತ್ತು. ಹರಿದ ಡ್ರಮ್ಮಿನವನಿಗೆ ಇಲ್ಲೇನು ಕೆಲಸ? ಲೆನ್ಸಣ್ಣ ಹಿಂದಿನ ಓಣಿಗೆ ತಿರುಗಿದ. ಗೋಡೌನಿನ ಶಟರ್ ಅರ್ಧ ಇಳಿದಿತ್ತು, ಒಳಗಿಂದ ಡ್ರಮ್ಮು ಢಗ್ ಢಗ್ ಅನ್ನುತ್ತಿತ್ತು. ಹರಿದಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಬಾಸಿನ ಗುಂಯ್ ಎಂಬ ಸದ್ದು ನೆಲದ ಮೂಲಕ ಅವನ ಚಪ್ಪಲಿಗೇ ಬಂತು.

ಅವುಗಳ ಮೇಲೆ ಒಂದು ಗಿಟಾರ್.

ಲೆನ್ಸಣ್ಣ ಶಟರಿನ ಹತ್ತಿರಕ್ಕೆ ಸರಿದ. ಬಗ್ಗಿ ಕಿವಿಗೊಟ್ಟ. ಗಿಟಾರ್ ಮೊದಲ ಪ್ಯಾಟರ್ನಿನಲ್ಲೇ ಇತ್ತು. ದಪ್ಪ ತಂತಿಯಿಂದ ಹತ್ತಿತು, ಐದನೆಯದು, ನಾಲ್ಕನೆಯದು, ಮೂರನೆಯ ತಂತಿಗೆ ಬಂತು. ಅಲ್ಲಿ ಏಳು ಬರಬೇಕಾದಲ್ಲಿ ಎಂಟು ಬಂತು.

ಒಂದು ಕ್ಷಣ ಅವನಿಗೆ ತನ್ನ ಬೆರಳನ್ನೇ ಯಾರೋ ಕತ್ತರಿಸಿ ಒಳಗೆ ಒಯ್ದಿದ್ದಾರೆ ಅನ್ನಿಸಿತು. ರೆಕಾರ್ಡ್ ಮಾಡಿಕೊಂಡಿದ್ದಾರಾ ನನ್ನದನ್ನು? ಹಾಕಿಕೊಂಡು ನಗುತ್ತಿದ್ದಾರಾ? ಆದರೆ ಆ ಎಂಟು ಅಲ್ಲಿಗೇ ನಿಲ್ಲಲಿಲ್ಲ. ಯಾರೋ ಆ ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರು; ಸ್ವರ ನರಳಿ, ಎದ್ದು, ಮುಂದಿನ ಸ್ವರದ ಬಾಗಿಲು ತಟ್ಟಿ ಹಿಂದಿರುಗಿತು. ಲೆನ್ಸಣ್ಣ ಯಾವತ್ತೂ ತಂತಿ ತಳ್ಳಿದವನಲ್ಲ. ಅವನು ಆ ಸ್ವರದಿಂದ ಓಡಿಹೋಗುತ್ತಿದ್ದ. ಇವರು ಅಲ್ಲಿ ನಿಂತುಕೊಂಡಿದ್ದರು. ಮತ್ತೆ ಬಂದರು, ಮತ್ತೆ ಅದೇ ಎಂಟು, ಮತ್ತೆ ನಿಂತರು. ಕೆಟ್ಟದಾಗಿರಲಿಲ್ಲ. ಕೆಟ್ಟದಾಗಿಲ್ಲವಲ್ಲ ಎಂಬುದೇ ಅವನಿಗೆ ಸಹಿಸಲಾಗಲಿಲ್ಲ.

"ಶಟರ್ ಎತ್ತು," ಎಂದೆ ನಾನು.

"ಎತ್ತಲ್ಲ."

"ಎತ್ತಯ್ಯಾ. ಓದುಗರು ಕಾಯುತ್ತಿದ್ದಾರೆ."

"ಅವರಿಗೇನು, ಓದಿ ಎದ್ದು ಹೋಗ್ತಾರೆ. ಒಳಗೆ ಇರೋರ ಜೊತೆ ನಾನು ತಾನೇ ಬದುಕಬೇಕು? ಬೇಕಿದ್ರೆ ನೀವೇ ಹೋಗಿ ನೋಡ್ಕೊಂಡು ಬನ್ನಿ."

ಹೋಗಬಹುದಿತ್ತು. ಆದರೆ ನಾನು ಈ ಕಥೆಯಲ್ಲಿ ಅವನ ಪಕ್ಕ ಬಿಟ್ಟು ಕದಲುವುದಿಲ್ಲವೆಂದು ಮೊದಲೇ ನಿಯಮ ಮಾಡಿಕೊಂಡಿದ್ದೆ. ಸಾಹಿತ್ಯದ ನಿಯಮಗಳು ಇಂಥ ಹೊತ್ತಿಗೇ ಕೈಕೊಡುವುದು. ಇಬ್ಬರೂ ಓಣಿಯಲ್ಲಿ ಕಳ್ಳರಂತೆ ನಿಂತಿದ್ದೆವು. ಸಂಗೀತ ನಿಂತಿತು. ಡಬ್ಬನ ನಗು ಕೇಳಿಸಿತು. ಆಮೇಲೆ ಭಾವಮೈದನ ದನಿ, ಸ್ಪಷ್ಟವಾಗಿ:

"ಭಾನುವಾರ ಹೀಗೇ ಬಂದ್ರೆ ಸಾಕು ಅಕ್ಕಾ."

5

(ನಾಲ್ಕು ಇಲ್ಲ. ನಾಲ್ಕರಲ್ಲಿ ಲೆನ್ಸಣ್ಣ ಬೀದಿ ಬೀದಿ ಅಲೆಯುತ್ತಾನೆ, ಆಕಾಶ ಕೆಂಪಾಗುತ್ತದೆ, ಇತ್ಯಾದಿ. ಅವನು ನಿಜವಾಗಿ ಮಾಡಿದ್ದು ನೆಟ್ಟಗೆ ಮನೆಗೆ ಹೋಗಿ, ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತದ್ದು.)

ಹೆಂಡತಿ ಬಂದಳು. ಕೈಯಲ್ಲಿ ಜಿಪ್ಪಿನ ಪೊಟ್ಟಣ ಇತ್ತು. ಪೊಟ್ಟಣ ಇದ್ದದ್ದೇ ಅವನಿಗೆ ಇನ್ನಷ್ಟು ಸಿಟ್ಟು ತಂದಿತು. ಸುಳ್ಳಿಗೂ ಇವಳು ರಸೀದಿ ತರುತ್ತಾಳಲ್ಲ ಎಂದು.

"ಬೇಗ ಬಂದ್ಬಿಟ್ರಾ? ಹುಷಾರಿಲ್ವಾ?"

"ಎಡಗೈ ಕೊಡು."

"ಯಾಕೆ?"

"ಕೊಡೇ, ನೋಡ್ತೀನಿ."

ಕೊಟ್ಟಳು. ದಿನವೂ ಊಟ ಬಡಿಸುವ ಕೈ. ಅವನು ಅವಳ ಬೆರಳ ತುದಿಗಳನ್ನು ಒಂದೊಂದಾಗಿ ತಡವಿದ. ನಾಲ್ಕೂ ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದವು, ಅವನವಕ್ಕಿಂತಲೂ ಗಟ್ಟಿ. ಲೋಟದ ಮೇಲಿನ ಗೀರು ಕಾಣುವ ಕಣ್ಣಿಗೆ ಇದು ಇಷ್ಟು ದಿನ ಕಂಡಿರಲಿಲ್ಲ.

"ಸೂಜಿ," ಎಂದಳು.

"ಸೂಜಿ ಹಿಡಿಯೋದು ಬಲಗೈಯಲ್ಲಿ."

ಅವಳು ಕೈ ಹಿಂದೆಗೆದುಕೊಳ್ಳಲಿಲ್ಲ. ಪೊಟ್ಟಣವನ್ನು ಯಂತ್ರದ ಮೇಲಿಟ್ಟು, ಅವನ ಎದುರು ನೆಲದ ಮೇಲೆ ಕೂತಳು.

"ಗೋಡೌನಿಗೆ ಬಂದಿದ್ರಾ?"

"ಬಂದಿದ್ದೆ."

"ಒಳಗೆ ಬರಬೇಕಿತ್ತು."

"ಕರೆದಿದ್ರೆ ಬರ್ತಿದ್ದೆ. ನಿನ್ನ ತಮ್ಮ ಡ್ರಮ್ಮು ಹರಿದಿದೆ ಅಂತಾನೆ, ಸರಕು ತುಂಬಿದೆ ಅಂತಾನೆ. ನೀನು ಜಿಪ್ಪು ಅಂತೀಯ. ನನ್ನ ಮನೇಲೇ ನನ್ನ ಕಾಲಡಿ ನೆಲ ಅಗೆದಿದ್ದೀರಲ್ಲ, ಎಲ್ಲರೂ ಸೇರಿ!"

"ಅಗೆದಿಲ್ಲ ರೀ. ಕೇಳಿ ಒಂದು ಸಲ." ಅವಳ ದನಿಯೂ ಏರಿತು. "ಈ ಗೋಡೆ ಪಕ್ಕ ನಾನು ಯಂತ್ರ ಇಟ್ಕೊಂಡಿದ್ದೀನಿ. ನೀವು ಒಳಗೆ ಬಾಗಿಲು ಹಾಕ್ಕೊಂಡು ದಿನಾ ಮೆಟ್ಟಿಲು ಹತ್ತಿ ಇಳೀತೀರಿ. ಯಾವತ್ತಾದ್ರೂ ಒಂದು ಹಾಡು ನುಡಿಸಿದ್ರಾ? ಕೇಳಿ ಕೇಳಿ ನನ್ನ ಕಾಲು ಪೆಡಲಿನ ಮೇಲೆ ಅದೇ ಲೆಕ್ಕಕ್ಕೆ ಓಡೋಕೆ ಶುರುವಾಯ್ತು. ಒಂದು ದಿನ ನೀವು ಅಂಗಡಿಗೆ ಹೋದ ಮೇಲೆ ಎತ್ಕೊಂಡು ನೋಡಿದೆ. ಕೈಗೆ ಬಂತು. ನಾನೇನು ಮಾಡ್ಲಿ?"

"ಹೇಳಬಹುದಿತ್ತು."

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ಆಮೇಲೆ ನಾನು ಯಾರನ್ನ ಕೇಳಿ ಕಲೀಲಿ?"

ಅವಳು ಹೇಳಿದ್ದು ನಿಜವೆಂದು ಅವನಿಗೇ ಗೊತ್ತಿತ್ತು. ತಮ್ಮನಿಗೆ ಮೊದಲು ತೋರಿಸಿದ್ದು, ಅವನು ಗೋಡೌನಿಗೆ ಇನ್ನೊಂದು ಗಿಟಾರ್ ಎರವಲು ತಂದಿಟ್ಟದ್ದು, ಭಾನುವಾರಕ್ಕೆ ಬಾ ಎಂದದ್ದು, "ಭಾವ ಈ ಸಲವೂ ಬೆರಳು ಉಳುಕಿಸಿಕೊಂಡರೆ?" ಎಂದದ್ದು, ಎಲ್ಲವನ್ನೂ ಅವಳು ಹೇಳಿದಳು. ಕೊನೆಗೆ ಸ್ವಲ್ಪ ನಾಚಿಕೊಂಡು ಇನ್ನೊಂದು ಮಾತನ್ನೂ ಸೇರಿಸಿದಳು.

"ಮೂರನೇ ತಂತಿ ಮೇಲೆ ಆ ಒಂದು ಜಾಗ ಇದೆಯಲ್ಲ, ಕಿರುಬೆರಳಿಂದು. ಅಲ್ಲಿಗೆ ಬಂದಾಗ ಎದೆ ಝಲ್ ಅನ್ನುತ್ತೆ. ಬೇರೆ ಯಾರು ನುಡಿಸಿದ್ರೂ ಅದು ಬರಲ್ಲ. ನಿಮ್ಮದರಲ್ಲಿ ಮಾತ್ರ. ನಾನು ಕಲಿತಿದ್ದೇ ಅದಕ್ಕೋಸ್ಕರ."

5ರ ಮೂರು ಬಾಲಗಳು

ಈಗ ನೋಡಿ, ಲೆನ್ಸಣ್ಣನ ನಾಲಗೆಯ ಮೇಲೆ ಎರಡೇ ಪದಗಳಿವೆ: "ಅದು ತಪ್ಪು." ಅಷ್ಟು ಹೇಳಿದರೆ ಅವನ ಜಾಗ ಅವನಿಗೆ ವಾಪಸ್ಸು. ಹೇಳಿದರೆ ಮಾತ್ರ, ಯಾಕೆ ವೇದಿಕೆ ಹತ್ತಲಿಲ್ಲ ಎಂಬುದನ್ನೂ ಹೇಳಿದಂತೆಯೇ. ನಾನು ಅವನಿಗೆ ಮೂರು ಬಾಲ ಕತ್ತರಿಸಿಟ್ಟೆ, ಯಾವುದು ಬೇಕೋ ಅಂಟಿಸಿಕೊ ಎಂದು.

ಬಾಲ ಒಂದು. ಹೇಳುತ್ತಾನೆ. ಅವಳು ಒಂದೇ ದಿನದಲ್ಲಿ ಎಂಟನ್ನು ಬಿಟ್ಟು ಏಳನ್ನು ಕಲಿತುಬಿಡುತ್ತಾಳೆ, ಅವನ ಕೈಲಾಗದ್ದನ್ನು. ಭಾನುವಾರ ಶುದ್ಧವಾಗಿ ನುಡಿಸುತ್ತಾಳೆ. ಜನ ಚೆನ್ನಾಗಿತ್ತು ಎಂದು ಮನೆಗೆ ಹೋಗಿ ಮರೆಯುತ್ತಾರೆ.

ಬಾಲ ಎರಡು. ಹೇಳುವುದಿಲ್ಲ. ಭಾನುವಾರ ಜನ ಆ ಎಂಟಕ್ಕೇ ಚಪ್ಪಾಳೆ ತಟ್ಟುತ್ತಾರೆ. ಲೆನ್ಸಣ್ಣ ಹಿಂದಿನ ಸಾಲಿನಲ್ಲಿ ಕೂತು, ಅದು ನನ್ನದು, ಅದು ನನ್ನದು ಎಂದು ಯಾರಿಗೂ ಕೇಳಿಸದಂತೆ ಹೇಳಿಕೊಳ್ಳುತ್ತಾನೆ.

ಬಾಲ ಮೂರು. ಇಬ್ಬರೂ ವೇದಿಕೆಯ ಮೇಲೆ, ಎರಡು ಗಿಟಾರ್, ಒಂದೇ ತಪ್ಪು, ಎಲ್ಲರಿಗೂ ಆನಂದಬಾಷ್ಪ. (ಇದನ್ನು ಬರೆದ ಕೈಯನ್ನು ಈಗಷ್ಟೇ ತೊಳೆದುಕೊಂಡು ಬಂದೆ.)

ಲೆನ್ಸಣ್ಣ ಮೂರನ್ನೂ ಎತ್ತಿ, ಬೆಳಕಿಗೆ ಹಿಡಿದು, ಕೆಳಗಿಟ್ಟ.

"ನೀವು ಸುಮ್ನಿರಿ," ಎಂದ ನನಗೆ.

6

"ಭಾನುವಾರ ನೀವೇ ನುಡಿಸಿ," ಎಂದಳು ಹೆಂಡತಿ. "ಆ ಜಾಗ ನಿಮ್ಮದು. ನಾನು ಬೇಕಂದ್ರೆ ಕೆಳಗೆ ಕೂತು ಕೇಳ್ತೀನಿ."

ಇದು ಕರುಣೆಯೋ ಪರೀಕ್ಷೆಯೋ ಎಂದು ಅವನು ಅವಳ ಮುಖ ನೋಡಿದ. ಏನೂ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ ಗಿಟಾರ್ ತಂದ. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ; ಅವಳ ಎದುರಿಗೇ, ಅದೇ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷದಲ್ಲಿ ಅವನು ಹೆಂಡತಿಯ ಎದುರು ನುಡಿಸುತ್ತಿರುವುದು ಇದೇ ಮೊದಲು. ಅವನಿಗೆ ಭಯವಾಗಿತ್ತು, ಮುಚ್ಚಿಡುವುದೇನು.

ದಪ್ಪ ತಂತಿ, ಐದು, ಎಂಟು. ಐದನೆಯ ತಂತಿ, ಐದು, ಏಳು. ನಾಲ್ಕನೆಯದು, ಐದು, ಏಳು. ಮೂರನೆಯದು, ಐದು. ಕಿರುಬೆರಳು ಎದ್ದಿತು, ಗಾಳಿಯಲ್ಲಿ ನಿಂತಿತು. ಅದನ್ನು ದಾಟಿ ಉಂಗುರ ಬೆರಳು ಇಳಿಯಿತು. ಏಳು. ಸ್ವಚ್ಛವಾಗಿ, ದುಂಡಗೆ, ಒಂದು ಗೀರೂ ಇಲ್ಲದೆ. ಯಾರೋ ಕೇಳುತ್ತಿರುವಾಗ ಅವನ ಕೈಯಲ್ಲಿ ಬಂದ ಮೊದಲ ಏಳು. ಅವನು ಕಣ್ಣು ಮುಚ್ಚಿಕೊಂಡ. ಇಷ್ಟು ವರ್ಷ ಇದಕ್ಕಾಗಿಯೇ ಕಾದಿದ್ದ.

"ಅಯ್ಯೋ," ಎಂದಳು ಹೆಂಡತಿ. "ತಪ್ಪಾಯ್ತು."

ಲೆನ್ಸಣ್ಣ ಕಣ್ಣು ಬಿಟ್ಟ.

"ಮೂರನೇ ತಂತೀಲಿ ತಪ್ಪಾಯ್ತು ರೀ. ಗಾಬರಿ ಆಗ್ಬೇಡಿ, ಇನ್ನೊಂದು ಸಲ ನುಡಿಸಿ."

ಅವನಿಗೆ ನಗು ಬಂತು. ಅದು ಅರ್ಧದಲ್ಲೇ ಅಳುವಾಯಿತು. ಗಿಟಾರಿನ ಮೇಲೆ ತಲೆಯಿಟ್ಟು ಅತ್ತ. ಹೆಂಡತಿ ಎದ್ದು ಬಂದು ಅವನ ಬೆನ್ನು ಸವರಿದಳು, ಏನೂ ಕೇಳಲಿಲ್ಲ.

ಕೇಳಲಿಲ್ಲ ಯಾಕೆ? ಅನುಮಾನ ಇಲ್ಲಿ ಅವನನ್ನು ಬಿಟ್ಟು ನನ್ನ ಹೆಗಲೇರಿತು. ಬಾಸ್ ನುಡಿಸುವ ತಮ್ಮನಿಗೆ ಏಳೂ ಎಂಟೂ ಚೆನ್ನಾಗಿ ಗೊತ್ತು. ಮೊದಲ ದಿನವೇ "ಅಕ್ಕಾ, ಅಲ್ಲಿ ಏಳು" ಎಂದು ಹೇಳದೆ ಬಿಟ್ಟಿರುತ್ತಾನೆಯೇ? ಹೇಳಿದ್ದರೆ ಇವಳಿಗೆ ಗೊತ್ತು. ಗೊತ್ತಿದ್ದೂ "ತಪ್ಪಾಯ್ತು" ಎಂದಳೇ? ಗೊತ್ತಿದ್ದರೆ ಆ ಮಾತು ಪ್ರೀತಿಯೋ, ಜಾಗ ಉಳಿಸಿಕೊಳ್ಳುವ ಉಪಾಯವೋ? ಅವಳ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೇಳಿದೆ.

"ನಿಮಗೆ ಗೊತ್ತಿತ್ತಲ್ಲವೇ?"

"ಈಗ ಬಂದ್ರಾ ನನ್ನ ಪಕ್ಕ?" ಎಂದಳು. "ತಡವಾಯ್ತು. ಚಪ್ಪಲಿ ಹಾಕ್ಕೊಳ್ಳಿ."

"ಭಾನುವಾರ ಯಾರು ನುಡಿಸುತ್ತಾರೆ, ಅದನ್ನಾದರೂ..."

"ಬಾಗಿಲು ಎಳ್ಕೊಂಡು ಹೋಗಿ."

ನನ್ನ ಬೆನ್ನ ಹಿಂದೆ ಲೆನ್ಸಣ್ಣ ಮೂಗೊರೆಸಿಕೊಂಡು ಗಿಟಾರನ್ನು ಅವಳತ್ತ ಚಾಚುತ್ತಿದ್ದ. "ತೋರಿಸು," ಎನ್ನುತ್ತಿದ್ದ, "ನೀನು ಹೇಗೆ ತಳ್ತೀಯ ಅದನ್ನ?" ಅದಕ್ಕಿಂತ ಹೆಚ್ಚು ಕಾಣಲು ನನಗೆ ಬಿಡಲಿಲ್ಲ.

ಹೀಗೆ ನನ್ನ ಕಥೆಯಿಂದ ನನ್ನನ್ನೇ ಹೊರಗೆ ಹಾಕಿದ್ದಾರೆ. ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದೇನೆ, ನೀವೂ ಬನ್ನಿ, ಇಲ್ಲಿ ಜಾಗವಿದೆ. ಒಳಗೆ ಮೂರನೆಯ ತಂತಿಯ ಮೇಲೆ ಎಂಟು ಕೇಳಿಸುತ್ತಿದೆ, ನಿಂತು, ನರಳಿ, ಮೇಲಕ್ಕೇಳುತ್ತಿದೆ. ಯಾರ ಬೆರಳೆಂದು ನನಗೆ ಗೊತ್ತಾಗುತ್ತಿಲ್ಲ.